ಎಡಗಡೆ ನಿಂತ ಕಾವಲುಗಾರ

ಮುನಿರಾಜನನ್ನು ನಮ್ಮ ಗುಂಪಿನಲ್ಲಿ ಎಲ್ಲರೂ ಸರ್ವೇಯರ್ ಎಂದೇ ಕರೆಯುತ್ತಿದ್ದೆವು. ಅವನು ಸರ್ವೆ ಆಫೀಸಿನ ಮೆಟ್ಟಿಲು ಹತ್ತಿದವನಲ್ಲ. ಬೂದಿಕೋಟೆಯಿಂದ ಸ್ವಲ್ಪ ಒಳಗಿರುವ ಅವನ ಊರಿನ ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಪರೀಕ್ಷೆ ಮಾಡುವುದು ಅವನ ಕೆಲಸ. ಅವನು ಅಳೆದದ್ದು ಎಲ್ಲೂ ಇಲ್ಲದ ಒಂದು ದೇಶವನ್ನು.

ಆ ದೇಶದ ಹೆಸರು ಓರ್ನೆತ್. ಕಂಪ್ಯೂಟರಿನಲ್ಲಿ ಆಡುವ ಗೇಮು. ಕತ್ತಿ, ಮಂತ್ರ, ಕೋಟೆ, ಗುಹೆ ಎಲ್ಲ ಇರುವ ದೊಡ್ಡ ರಾಜ್ಯ. ಇಲ್ಲಿಗೇ ಹೋಗು, ಇದನ್ನೇ ಮಾಡು ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ರಾಜನನ್ನು ಕಾಪಾಡಬೇಕಾದ ವೀರ ಎರಡು ತಿಂಗಳು ಹೊಳೆದಂಡೆಯಲ್ಲಿ ಮೀನು ಹಿಡಿಯುತ್ತ ಕೂತರೂ ಕೇಳುವವರಿಲ್ಲ. ಈವರೆಗೆ ನಾಲ್ಕು ಭಾಗ ಬಂದಿವೆ. ಐದನೆಯದು ಬರುತ್ತದೆ ಎಂದು ಅರ್ಧ ನಿಮಿಷದ ವಿಡಿಯೋ ತೋರಿಸಿ ಏಳು ವರ್ಷವಾಯಿತು. ಬೇರೆ ಊರಿನ ಅಭಿಮಾನಿಗಳು ಇದಕ್ಕೆ ಹಲ್ಲು ಕಡಿಯುತ್ತಾರೆ. ನಾವು ಕೆಜಿಎಫ್‌ನವರು, ಗಣಿ ಮತ್ತೆ ತೆರೆಯುತ್ತದೆ ಎಂದು ಕಾಯುತ್ತಲೇ ಬೆಳೆದವರು. ಏಳು ವರ್ಷ ನಮಗೆ ಯಾವ ಲೆಕ್ಕ?

ರಾಬರ್ಟ್‌ಸನ್‌ಪೇಟೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಜೊತೆಗೆ ಕಂಪ್ಯೂಟರ್ ರಿಪೇರಿಯನ್ನೂ ಮಾಡುತ್ತೇನೆ. ನನ್ನ ಹೆಸರು ಅಂಬರೀಶ್. ಭಾನುವಾರ ಬೆಳಿಗ್ಗೆ ಅರ್ಧ ಷಟರ್ ಎತ್ತಿ ನಾವು ಆರೇಳು ಜನ ಅಲ್ಲೇ ಸೇರುತ್ತಿದ್ದೆವು. ಊರಿಗಾಂನ ಗಣಿ ಕಾರ್ಮಿಕರ ಲೈನಿನ ರಾಜ್‌ಕುಮಾರ್ ನಮ್ಮ ವಾಟ್ಸಾಪ್ ಗುಂಪಿನ ಅಡ್ಮಿನ್. ಅದರಲ್ಲಿ ನಲವತ್ತು ಜನರಿದ್ದರು. ಅರ್ಧ ಕನ್ನಡ, ಕಾಲು ತಮಿಳು, ಕಾಲು ತೆಲುಗಿನಲ್ಲಿ ನಮ್ಮ ಜಗಳ ನಡೆಯುತ್ತಿತ್ತು. ಎರಡನೇ ಭಾಗದಲ್ಲಿ ಕಾಣೆಯಾದ ರಾಜನೇ ಮೂರನೇ ಭಾಗದಲ್ಲಿ ದೋಣಿಯವನಾಗಿ ಬರುತ್ತಾನೋ ಇಲ್ಲವೋ ಎಂಬುದು ದೊಡ್ಡ ಜಗಳ. ನಾನು ಇಲ್ಲ ಎಂಬ ಪಕ್ಷ. ಮುನಿರಾಜ ಹೌದು ಎಂಬ ಪಕ್ಷ. ದೋಣಿಯವನು ಹುಟ್ಟು ಹಾಕುವಾಗ ಎಡಗೈಯ ಕಿರುಬೆರಳು ಮಡಿಸುವುದಿಲ್ಲ, ರಾಜನ ಆ ಬೆರಳಿಗೆ ಗಾಯವಾಗಿತ್ತು ಎಂದು ಅವನು ತೋರಿಸಿದ ದಿನ ರಾಜ್‌ಕುಮಾರ್ ಎದ್ದು ನಿಂತು "ಮಚ್ಚಾ, ನೀನು ಸಾಮಾನ್ಯ ಆಳಲ್ಲ ಕಣೋ" ಎಂದಿದ್ದ. ಅಷ್ಟು ಸೂಕ್ಷ್ಮ ಅವನ ಕಣ್ಣು.

ಡೇರಿಯ ಹಳೇ ಹಾಳೆಗಳ ಹಿಂಬದಿಯಲ್ಲಿ ಅವನು ಓರ್ನೆತ್‌ನ ಗುಹೆಗಳ ನಕ್ಷೆ ಬರೆಯುತ್ತಿದ್ದ. ಒಂದು ಕಡೆ ಯಾರ ಮನೆಯ ಹಸು ಎಷ್ಟು ಲೀಟರ್ ಕೊಟ್ಟಿತು ಎಂದಿದ್ದರೆ ಇನ್ನೊಂದು ಕಡೆ ಮಾಟಗಾತಿಯ ಗುಹೆಗೆ ದಾರಿ. ನಕ್ಷೆಯ ವಿವರ ಅವನ ಮಾತಿನಲ್ಲೇ ಇರುತ್ತಿತ್ತು. ಬೂದಿಕೋಟೆ ಬಸ್ಸು ತಿರುಗುವಷ್ಟು ಅಗಲದ ಜಾಗ ಬರುತ್ತೆ, ಅಲ್ಲಿ ಬಲಕ್ಕೆ ತಿರುಗಿ. ಇಲ್ಲಿ ಬಂಗಾರಪೇಟೆ ಸ್ಟೇಷನ್ ಮೇಲ್ಸೇತುವೆಯಷ್ಟು ಎತ್ತರ ಹತ್ತಬೇಕು. ಹೊಸದಾಗಿ ಆಡುವವರಿಗೆ ಇವನ ಹಾಳೆಗಳನ್ನು ನಾನು ಜೆರಾಕ್ಸ್ ಮಾಡಿ ಕೊಡುತ್ತಿದ್ದೆ.

ಇಷ್ಟು ಒಳ್ಳೆಯವನಲ್ಲಿ ಒಂದು ಕಹಿ ಇತ್ತು. ಅವನ ಅಪ್ಪ ದೊಡ್ಡವೆಂಕಟಪ್ಪ ಕೂಲಿ ಮಾಡುತ್ತಿದ್ದವನು. ಊರಿಗೆಲ್ಲ ಗೊತ್ತಿದ್ದ ಕುಡುಕ. ಸಂಜೆಯಾದರೆ ತಟ್ಟಾಡುತ್ತ, ಬೇಲಿಗೆ ಡಿಕ್ಕಿ ಹೊಡೆಯುತ್ತ ಬರುತ್ತಿದ್ದನಂತೆ. ಮುನಿರಾಜನಿಗೆ ಹನ್ನೆರಡು ವರ್ಷವಾಗಿದ್ದಾಗ ಒಂದು ಸಂಜೆ ಬಾವಿಗೆ ಬಿದ್ದು ಸತ್ತ. ಕುಡಿದು ಬಿದ್ದ ಎಂದು ಊರು ಮಾತಾಡಿತು. ಮಗನೂ ಹಾಗೇ ನಂಬಿದ್ದ. ವರ್ಷಕ್ಕೊಮ್ಮೆ ಹಿರಿಯರಿಗೆ ಎಡೆ ಇಡುವ ದಿನ ಪೆದ್ದಮ್ಮ ಎಂಬ ಹೆಸರಿನ ಅವನ ತಾಯಿ ಗಂಡನ ಫೋಟೋ ಮುಂದೆ ಎಲೆ ಹಾಕಿ ಬಡಿಸಿದರೆ ಇವನು ಬೇಕೆಂದೇ ಮನೆಯಿಂದ ಹೊರಟುಬಿಡುತ್ತಿದ್ದ.

"ಸ್ಕೂಲ್ ತಾವ ಬಂದಿದ್ದ ಕಣ್ಲಾ ಒಂದಿನ," ಎಂದು ನನಗೊಮ್ಮೆ ಹೇಳಿದ್ದ. "ಗೇಟ್ ಕಂಬ ಇಡ್ಕೊಂಡು ನಿಂತಿದ್ದ. ಉಡುಗ್ರೆಲ್ಲ ನಗ್ತಿದ್ರು. ಇನ್ನೊಂದ್ಸಲ ಇಲ್ಲಿಗ್ ಬರಬ್ಯಾಡ ಓಗು ಅಂದ್ಬುಟ್ಟೆ. ಆಮೇಲ್ ಬರ್ಲಿಲ್ಲ."

ಮುನಿರಾಜ ಬಿಯರಿನ ಬಾಟಲಿಯನ್ನೂ ಮುಟ್ಟಿದವನಲ್ಲ.

ಕಳೆದ ವರ್ಷ ನಾಲ್ಕನೇ ಭಾಗಕ್ಕೆ ಒಂದು ಅಪ್‌ಡೇಟ್ ಬಂತು. ಜಗಳ ಶುರುವಾದದ್ದು ಅಲ್ಲಿಂದ. ಎರಡೇ ದಿನಕ್ಕೆ ಮುನಿರಾಜ ಗುಂಪಿನಲ್ಲಿ ಬರೆದ: ಗುಹೆಗಳನ್ನೆಲ್ಲ ಕತ್ತಲು ಮಾಡಿಬಿಟ್ಟಿದ್ದಾರೆ, ಬ್ರೈಟ್‌ನೆಸ್ ಪೂರ್ತಿ ಏರಿಸಿದರೂ ಆಗುತ್ತಿಲ್ಲ, ನಿಮಗೂ ಹೀಗೇನಾ? ಯಾರಿಗೂ ಹಾಗಿರಲಿಲ್ಲ. ಹಾಗಿಲ್ಲ ಎಂದೆವು. ಅವನು ಬಿಡಲಿಲ್ಲ. ಊರಲ್ಲಿ ವೋಲ್ಟೇಜ್ ಕಮ್ಮಿ, ಅದಕ್ಕೇ ಇರಬೇಕು ಎಂದು ಸ್ಟೆಬಿಲೈಸರ್ ತಂದ. ಆಮೇಲೆ ನಾನು ಜೋಡಿಸಿಕೊಟ್ಟ ಮಾನಿಟರ್ ಮೇಲೆ ಅವನ ಅನುಮಾನ ಹೊರಳಿತು. ಬದಲಾಯಿಸಿ ಕೊಟ್ಟೆ. ಅದೂ ಕತ್ತಲೆ ಎಂದ. ಎಡಗಡೆಯಿಂದ ಬಾಣ ಬಂದು ಸಾಯುತ್ತಿದ್ದೇನೆ, ಹೊಡೆದವನೇ ಕಾಣುವುದಿಲ್ಲ, ಇದು ಗೇಮಿನವರ ಮೋಸ ಎಂದು ದಿನಕ್ಕೆ ಹತ್ತು ಮೆಸೇಜು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಮುಚ್ಚಿಡುವುದೇಕೆ. ಅಂಗಡಿಯಲ್ಲಿ ಎರಡು ಮೂರು ಗಿರಾಕಿಗಳಿದ್ದಾಗ ಮುನಿರಾಜ ಫೋನು ಮಾಡಿ, ಅವರಿಗೂ ಕೇಳಿಸುವ ಹಾಗೆ "ನೀನ್ ಕೊಟ್ಟಿದ್ದು ಡಬ್ಬಾ ಮಾಲು" ಎಂದುಬಿಟ್ಟ. ನಾನು ಗುಂಪಿನಲ್ಲಿ ಬರೆದೆ: "ಮಾಲು ಸರಿಯಾಗೈತೆ. ಓಗಿ ಕಣ್ಣು ತೋರಿಸ್ಕೊಳ್ಲಾ ಕುರುಡ." ಪಕ್ಕದಲ್ಲಿ ಬಿದ್ದು ಬಿದ್ದು ನಗುವ ಮೂರು ಮುಖ. ಅದಕ್ಕೆ ಹದಿನೇಳು ಜನ ನಕ್ಕರು. ಯಾರು ಯಾರು ನಕ್ಕರು ಎಂದು ನಾನು ಸಂತೋಷದಿಂದ ತೆಗೆದು ನೋಡಿದ್ದೆ.

ಅತ್ತ ಅವನ ಊರಿನಲ್ಲೂ ಬೇರೆ ಮಾತು ಎದ್ದಿತ್ತು. ಬೆಳಗಿನ ಜಾವದ ಮಬ್ಬಿನಲ್ಲಿ ಡೇರಿಗೆ ಹೋಗುವಾಗ ಎರಡು ಸಲ ಹಾಲಿನ ಕ್ಯಾನಿಗೆ ಎಡವಿ ಬಿದ್ದನಂತೆ. ಯಾರದೋ ಬಿಂದಿಗೆ ಒದ್ದನಂತೆ. ಅಪ್ಪನ ದಾರಿ ಹಿಡಿದ ಎಂದು ಜನ ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಈ ಮಾತು ಕಿವಿಗೆ ಬಿದ್ದ ದಿನ ಅವನು ಊಟ ಮಾಡಲಿಲ್ಲವೆಂದು ಅವನ ಅಕ್ಕ ರಾಧ ನನಗೆ ಆಮೇಲೆ ಹೇಳಿದಳು.

ಒಂದು ಭಾನುವಾರ ನಾನೇ ಬೈಕು ಹತ್ತಿ ಅವನ ಊರಿಗೆ ಹೋದೆ. ರಾಜಿ ಮಾಡಿಕೊಳ್ಳಲು ಅಲ್ಲ. ಅವನ ಮಾನಿಟರ್ ಮುಂದೆ ಅವನನ್ನೇ ಕೂರಿಸಿ ಸುಳ್ಳು ಅಂತ ತೋರಿಸಬೇಕಿತ್ತು. ಹನ್ನೊಂದು ಗಂಟೆಯ ಬಿಸಿಲು. ಮನೆಯಲ್ಲಿ ಪೆದ್ದಮ್ಮ ಅವರೇಕಾಯಿ ಬಿಡಿಸುತ್ತಿದ್ದಳು. ಬಂಗಾರಪೇಟೆಯಲ್ಲಿರುವ ರಾಧಕ್ಕನೂ ಬಂದಿದ್ದಳು. ಕಾರಣ ನನಗೂ ಗೊತ್ತಿತ್ತು. ರಾಧಕ್ಕನ ಮಗಳು ನವ್ಯಳನ್ನು ಮುನಿರಾಜನಿಗೆ ಕೊಡುವ ಮಾತು ನಡೆದಿತ್ತು. ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು ಹೊಸದೇನಲ್ಲ. ಪೆದ್ದಮ್ಮನೂ ತನ್ನ ಸೋದರಮಾವನನ್ನೇ ಮದುವೆಯಾದವಳು. ಮೂರು ವಾರಕ್ಕೆ ತಾಂಬೂಲ ಬದಲಾಯಿಸುವುದೆಂದು ನಿಶ್ಚಯವಾಗಿತ್ತು. ಮಾಲೂರಿನ ಕಂಪನಿಗೆ ದಿನವೂ ರೈಲಿನಲ್ಲಿ ಹೋಗಿಬರುವ ಇಪ್ಪತ್ತೆರಡು ವರ್ಷದ ನವ್ಯ ಒಪ್ಪಿದ್ದಾಳೆ ಎಂದು ಎಲ್ಲರೂ ಹೇಳುತ್ತಿದ್ದರು. ಕೇಳಿದವರು ಯಾರೆಂದು ನನಗೆ ತಿಳಿಯದು.

ಮುನಿರಾಜ ಮುಖ ಗಂಟಿಕ್ಕಿಕೊಂಡೇ ಗೇಮು ಹಾಕಿದ. ನಾನು ಬೇಕೆಂದೇ ಮಾಟಗಾತಿಯ ಗುಹೆಗೆ ಹೋಗು ಎಂದೆ. ಎರಡನೇ ತಿರುವಿನಲ್ಲಿ ಎಡಗಡೆ ಮೂಲೆಯಲ್ಲಿ ಒಬ್ಬ ಕಾವಲುಗಾರ ಬಿಲ್ಲು ಹಿಡಿದು ನಿಂತಿರುತ್ತಾನೆ. ತಲೆಯ ಮೇಲೆ ಪಂಜು ಬೇರೆ ಉರಿಯುತ್ತಿರುತ್ತದೆ.

"ಈಗೇಳು, ಯಾರವ್ರೆ ಅಲ್ಲಿ?" ಎಂದೆ.

"ಯಾರೂ ಇಲ್ಲ."

"ಸರ್ಯಾಗಿ ನೋಡ್ಲಾ."

"ನೋಡ್ತಾ ಇವ್ನಲ್ಲಾ, ಬರೀ ಕತ್ಲು!"

ನಾನು ಗೆದ್ದವನ ಹಾಗೆ ನಗಲು ಬಾಯಿ ತೆರೆದಿದ್ದೆ. ಕಾಫಿ ಲೋಟ ಹಿಡಿದು ಬಂದ ರಾಧಕ್ಕ ಒಂದು ಕ್ಷಣ ಪರದೆ ನೋಡಿದಳು. ಆ ಗೇಮಿನ ತಲೆ ಬುಡ ಗೊತ್ತಿಲ್ಲದ ಹೆಂಗಸು. "ಎಡಗಡೆ ಒಬ್ಬ ಬಿಲ್ಲು ಇಡ್ಕೊಂಡು ನಿಂತವ್ನಲ್ಲೋ ಮುನಿ, ದೀಪದ ಕೆಳ್ಗೆ. ಯಾರವ್ನು?" ಎಂದು ಕೇಳಿದಳು.

ಮುನಿರಾಜ ತಲೆಯನ್ನೇ ಎಡಕ್ಕೆ ತಿರುಗಿಸಿದ. ಆಗ ಕಂಡಿತು ಅವನಿಗೆ. ಅಷ್ಟರಲ್ಲಿ ಬಾಣ ಬಂದು ನೆಟ್ಟಿತ್ತು. ಅವನು ಪರದೆಯಿಂದ ಕಣ್ಣು ಕೀಳದೆ ಅಕ್ಕನ ಕೈಯ ಕಾಫಿಗೆ ಕೈ ಚಾಚಿದ. ಲೋಟ ಇದ್ದ ಕಡೆಗೆ ಕೈ ಹೋಗಲಿಲ್ಲ. ಬರುವಾಗ ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಬೈಗುಳವನ್ನೆಲ್ಲ ಬಿಟ್ಟು ನಾನು ಲೋಟವನ್ನು ಅವನ ಕೈಗೆ ಹಿಡಿಸಿದೆ.

ಅವರೇಕಾಯಿ ಬಿಡಿಸುತ್ತಿದ್ದ ಪೆದ್ದಮ್ಮ ಕೈ ನಿಲ್ಲಿಸಿ ಮಗನನ್ನು ನೋಡುತ್ತಿದ್ದಳು. ಆಮೇಲೆ ಮತ್ತೆ ಬಿಡಿಸತೊಡಗಿದಳು. ಇದು ನನಗೆ ಬಹಳ ದಿನದ ಮೇಲೆ ನೆನಪಾಯಿತು.

ಮರುದಿನ ಕೋಲಾರದ ಕಣ್ಣಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರಮ್ಮ ಅರ್ಧ ದಿನ ಏನೇನೋ ಪರೀಕ್ಷೆ ಮಾಡಿಸಿದರು. ಕತ್ತಲೆ ಪೆಟ್ಟಿಗೆಯೊಳಗೆ ಮುಖ ಇಟ್ಟು ಚುಕ್ಕೆ ಕಂಡಾಗ ಗುಂಡಿ ಒತ್ತಬೇಕು. ಹೊರಗಿನಿಂದ ನೋಡುತ್ತಿದ್ದ ನನಗೆ ಅವನು ಆಟದಲ್ಲಿ ಕೂತ ಹಾಗೇ ಕಾಣುತ್ತಿದ್ದ. ಗುಂಡಿ ಮಾತ್ರ ಬಹಳ ಕಡಿಮೆ ಸಲ ಒತ್ತಿದ. ಕೊನೆಗೆ ಡಾಕ್ಟರಮ್ಮ ಕೂರಿಸಿ ಬಿಡಿಸಿ ಹೇಳಿದರು. ಕಣ್ಣಿನ ಹಿಂದಿನ ಪರದೆ ಸವೆಯುತ್ತಿದೆ. ಮೊದಲು ಕತ್ತಲಲ್ಲಿ ಕಾಣುವುದಿಲ್ಲ, ಆಮೇಲೆ ಅಂಚಿನಿಂದ ಒಳಕ್ಕೆ ಮುಚ್ಚಿಕೊಂಡು ಬರುತ್ತದೆ. ನಡುವಿನ ದೃಷ್ಟಿ ಹತ್ತು ವರ್ಷ ಉಳಿಯಬಹುದು, ಅದಕ್ಕಿಂತ ಬೇಗ ಹೋಗಲೂಬಹುದು. ನಿಲ್ಲಿಸುವ ಔಷಧಿ ಸದ್ಯಕ್ಕೆ ನಮ್ಮ ಕೈಯಲ್ಲಿಲ್ಲ.

"ನಿಮ್ಮ ತಂದೆ ತಾಯಿ ಸಂಬಂಧದಲ್ಲೇ ಮದುವೆ ಆದೋರಾ?" ಎಂದು ಕೇಳಿದರು.

"ನಮ್ಮಪ್ಪ ನಮ್ಮಮ್ಮಂಗೆ ಸೋದರಮಾವ."

"ನಿಮಗೆ ಮದುವೆ?"

"ಅಕ್ಕನ ಮಗಳು," ಎಂದು ಹೇಳಿ ಅವನು ನೆಲ ನೋಡಿದ.

ಡಾಕ್ಟರಮ್ಮ ಬೈಯಲಿಲ್ಲ. ಇದು ರಕ್ತದಲ್ಲಿ ಬರುವ ಕಾಯಿಲೆ, ಅಕ್ಕನಿಗೆ ಕಣ್ಣು ಚೆನ್ನಾಗಿದ್ದರೂ ಅವರ ಮಗಳಲ್ಲಿ ಇದು ಅಡಗಿರಬಹುದು, ಹುಟ್ಟುವ ಮಕ್ಕಳಿಗೆ ಬರುವ ಸಂಭವ ಹೊರಗಿನ ಹುಡುಗಿಗಿಂತ ಹೆಚ್ಚು, ಬಂದೇ ಬರುತ್ತದೆ ಎಂದಲ್ಲ, ಆದರೆ ಎರಡೂ ಮನೆಯವರಿಗೆ ತಿಳಿಸಿ ಆಮೇಲೆ ನಿರ್ಧಾರ ಮಾಡಿ ಎಂದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವನು ನನ್ನ ಮೊಣಕೈ ಹಿಡಿದುಕೊಂಡ. "ಯಾರ್ಗೂ ಏಳ್ಬ್ಯಾಡ ಅಂಬರೀಸ. ತಾಂಬೂಲ ಆಗ್ಲಿ. ನವ್ಯ ಒಳ್ಳೆ ಉಡುಗಿ. ಅವಳಿದ್ರೆ ನಾನ್ ಎಂಗೋ ಬದುಕ್ತೀನಿ."

"ಅವಳು ಎಂಗ್ ಬದುಕ್ತಾಳೆ?"

"ನೀನು ನನ್ ಕಡೆಯೋನಾ ಅವಳ್ ಕಡೆಯೋನಾ?"

ಗುಂಪಿನಲ್ಲಿ ನಾನು ಬರೆದಿದ್ದ ಮಾತು ಇನ್ನೂ ಹಾಗೇ ಇತ್ತು. ಕುರುಡ ಎಂದು ಕರೆದವನು ಈಗ ಯಾವ ಬಾಯಲ್ಲಿ ಬುದ್ಧಿ ಹೇಳುವುದು? ಆಗಲಿ ಎಂದೆ. ಆ ಮೂರು ವಾರ ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಒಂದು ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ನವ್ಯ ಸಿಕ್ಕಳು. ಊಟದ ಡಬ್ಬಿ ಎದೆಗವಚಿಕೊಂಡು ರೈಲಿಗೆ ಓಡುತ್ತಿದ್ದವಳು ನಿಂತು "ಅಣ್ಣಾ, ಮಾಮ ಯಾಕೋ ಫೋನ್ ಎತ್ತಲ್ಲ, ಉಷಾರಾಗವ್ರಾ?" ಎಂದು ಕೇಳಿದಳು. "ಉಷಾರಾಗವ್ನೆ" ಎಂದು ನಾನು ಸುಳ್ಳು ಹೇಳಿದೆ. ರೈಲು ಹೋದಮೇಲೆ ಅದೇ ಪ್ಲಾಟ್‌ಫಾರಂ ಮೇಲೆ ನಿಂತು ನನ್ನನ್ನೇ ಬೈದುಕೊಂಡೆ.

ತಾಂಬೂಲದ ದಿನ ಮುನಿರಾಜನ ಮನೆಯ ನಡುಮನೆಯಲ್ಲಿ ಚಾಪೆ ಹಾಸಿ ಹದಿನೈದು ಜನ ಕೂತಿದ್ದರು. ನವ್ಯಳ ಅಪ್ಪ ಶ್ರೀರಾಮಪ್ಪ ಹೊಸ ಪಂಚೆ ಉಟ್ಟು ಬಂದಿದ್ದರು. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಹೂವು. ಅವರು ತಟ್ಟೆ ಎತ್ತಿ ಚಾಚಿದರು. ಮುನಿರಾಜ ಕೈ ಮುಂದೆ ಮಾಡಿದವನು ಅರ್ಧಕ್ಕೇ ನಿಲ್ಲಿಸಿದ. ಅವನು ಏಕೆ ಮನಸ್ಸು ಬದಲಿಸಿದನೋ ನನಗೆ ಇವತ್ತಿಗೂ ತಿಳಿಯದು. ಎದುರು ಬಾಗಿಲ ಬಳಿ ಕೂತಿದ್ದ ನವ್ಯ ಅವನಿಗೆ ನೇರವಾಗಿ ಕಾಣುತ್ತಿದ್ದಳು. ಅದೊಂದೇ ನನ್ನ ಊಹೆ.

"ಭಾವ, ಒಂದ್ ಮಾತೈತೆ," ಎಂದ. "ನನ್ ಕಣ್ಣು ಓಗ್ತಾವೆ. ಡಾಕ್ಟ್ರು ಏಳವ್ರೆ. ಇದು ವಂಶದಲ್ಲಿ ಬರೋದಂತೆ. ನವ್ಯನ್ನ ಮಾಡ್ಕೊಂಡ್ರೆ ಮಕ್ಳಿಗೂ ಬರ್ಬೋದಂತೆ. ಮುಚ್ಚಿಡನ ಅಂದ್ಕೊಂಡಿದ್ದೆ. ಆಗ್ಲಿಲ್ಲ."

ಯಾರೋ ಲೊಚಗುಟ್ಟಿದರು. ಶ್ರೀರಾಮಪ್ಪ ತಟ್ಟೆ ಹಿಡಿದುಕೊಂಡೇ ಹೆಂಡತಿಯ ಮುಖ ನೋಡಿದರು. ರಾಧಕ್ಕನಿಗೆ ಅದು ಹೊಸ ಸುದ್ದಿ ಎಂಬುದು ಅವಳ ಮುಖದಲ್ಲೇ ಗೊತ್ತಾಗುತ್ತಿತ್ತು. "ನಮ್ ವಂಶದಾಗೆ ಯಾರ್ಗೈತೋ ಅಂತಾದ್ದು? ಸುಮ್ಕೆ ಡಾಕ್ಟ್ರುಗೋಳು ಎದುರಿಸ್ತಾರೆ," ಎಂದಳು.

"ನಿಮ್ಮಪ್ಪಂಗಿತ್ತು," ಎಂದಳು ಪೆದ್ದಮ್ಮ.

ಅವಳು ಒಲೆಯ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ದನಿಯಲ್ಲಿ ಅಳುಕಿರಲಿಲ್ಲ. ಎಷ್ಟೋ ದಿನದಿಂದ ಹೊತ್ತ ಹೊರೆಯನ್ನು ಜಗುಲಿ ಮೇಲೆ ಇಳಿಸುವವಳ ಹಾಗಿದ್ದಳು.

"ಒತ್ತು ಮುಳುಗಿದ್ರೆ ನಮ್ ಮಾವಂಗೆ ಏನೂ ಕಾಣ್ತಿರ್ಲಿಲ್ಲ. ನಾನು ಮದುವೆ ಆದ ವಾರಕ್ಕೇ ಗೊತ್ತಾಯ್ತು. ಒಂದ್ ತೊಟ್ಟು ಎಂಡ ಒಳಕ್ಕೆ ಇಳಿಸಿದೋನಲ್ಲ ಆ ಮನುಸ. ಸಾರಾಯಿ ಅಂಗ್ಡಿ ತಾವ ಬಾಯಿ ಮುಕ್ಕಳಿಸಿ ಉಗುದು ಬರೋನು, ವಾಸ್ನೆ ಬರ್ಲಿ ಅಂತ. ನಾನೇ ಏಳ್ಕೊಟ್ಟಿದ್ದು."

"ಯಾಕಮ್ಮಾ?" ಎಂದಳು ರಾಧಕ್ಕ.

"ನೀನು ಉಟ್ಟಿದ್ದೆ ಕಣಮ್ಮಾ. ಕುಡಿಯೋನ ಮಗಳ್ನ ಯಾರಾನಾ ತಂದ್ಕೊಂತಾರೆ. ಕಣ್ಣು ಓಗೋ ಮನೆ ಅಂದ್ರೆ ಯಾರು ಬಾಗ್ಲಿಗ್ ಬತ್ತಿದ್ರು?"

ಆ ಬಾಗಿಲಿಗೆ ಬಂದವರು ಶ್ರೀರಾಮಪ್ಪ. ಇಪ್ಪತ್ತಮೂರು ವರ್ಷದ ಹಿಂದೆ ಬಂದವರು ಈಗ ಹೊಸ ಪಂಚೆಯಲ್ಲಿ ಅತ್ತೆಯನ್ನು ನೋಡುತ್ತ ಕೂತಿದ್ದರು.

"ಇವ್ನಿಗೂ ಐತೆ ಅಂತ ಎಂಟು ವರ್ಸಕ್ಕೇ ಗೊತ್ತಾಯ್ತು," ಎಂದು ಪೆದ್ದಮ್ಮ ಮುಂದುವರಿಸಿದಳು. "ಸಂಜೆ ಕರ ಕಟ್ಟಾಕಿ ಬರೋವಾಗ ನನ್ ಸೆರಗು ಇಡ್ಕೊಂಡೇ ಬರೋನು. ಆಗ್ಲೇ ಅಂದ್ಕೊಂಡೆ, ರಾಧಂಗೆ ಎಣ್ಣು ಮಗ ಆದ್ರೆ ಇವ್ನಿಗೇ ತರ್ಬೇಕು ಅಂತ. ಒರಗಿನೋಳು ಗೊತ್ತಾದ್ರೆ ಬುಟ್ಟೋಗ್ತಾಳೆ. ನಮ್ಮೋಳು ಬುಡಲ್ಲ."

ನವ್ಯ ಎದ್ದು ನಿಂತಳು. ಅವಳು ಮಾತಾಡಿದ್ದನ್ನು ಆ ದಿನವೆಲ್ಲ ಯಾರೂ ಕೇಳಿರಲಿಲ್ಲ. "ಅಂದ್ರೆ ಉಟ್ಟೋಕ್ ಮುಂಚೇನೇ ನನ್ನ ಕೈಕೋಲು ಮಾಡಿಟ್ಟಿದ್ಯಾ ಅಜ್ಜಿ? ಮಾಮನ ಕೈ ಇಡ್ಕೊಂಡು ನಡೆಸಕ್ಕಾ ನಾನು?"

"ನಾನು ನಡೆಸ್ಲಿಲ್ವಾ?" ಎಂದಳು ಪೆದ್ದಮ್ಮ.

ನನಗೆ ಆ ಮುದುಕಿಯ ಮೇಲೆ ಕೋಪ ಉಕ್ಕಿತು. ಎಂಥ ಮೋಸ! ಅದರ ಹಿಂದೆಯೇ ಅವಳ ಒಣಗಿದ ಕೈ ನೋಡಿ ನನ್ನ ಕಣ್ಣು ತುಂಬಿತು. ಎರಡೂ ನಿಜ. ಯಾವುದನ್ನು ಮುಂದೆ ಇಡಲಿ, ಯಾವುದನ್ನು ಹಿಂದೆ ಇಡಲಿ ಎಂದು ಇವತ್ತಿಗೂ ನನಗೆ ಬಗೆಹರಿದಿಲ್ಲ.

ಮುನಿರಾಜ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದ. "ಅಪ್ಪ ಕುಡೀತಾನೇ ಇರ್ಲಿಲ್ವಾ?"

"ಇಲ್ಲ ಕಣಪ್ಪ."

"ಬಾವಿಗೆ ಬಿದ್ದಿದ್ದು?"

"ಅವತ್ತು ನಂಗೆ ಜರ. ಕರ್ಕೊಂಬರಕ್ಕೆ ನಾನು ಓಗ್ಲಿಲ್ಲ."

ಅವನು ಭಾವನ ಕೈಯಿಂದ ತಟ್ಟೆಯನ್ನು ತೆಗೆದುಕೊಂಡು ಅಕ್ಕನ ಮಡಿಲ ಮುಂದೆ ಇಟ್ಟ. "ಬ್ಯಾಡಕ್ಕ. ನವ್ಯಂಗೆ ಬೇರೆ ಕಡೆ ನೋಡ್ರಿ. ನೋಡೋವಾಗ ಇದನ್ನ ಮುಚ್ಚಿಡಬ್ಯಾಡ್ರಿ," ಎಂದು ಹೇಳಿ ಎದ್ದ. ಚಪ್ಪಲಿ ಹುಡುಕಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ನವ್ಯ ಬಗ್ಗಿ ಅವನ ಕಾಲ ಬಳಿ ಸರಿಸಿಟ್ಟು, ಹಿಂದೆ ನೋಡದೆ ಒಳಗೆ ಹೋದಳು.

ನಾನೂ ಅವನ ಹಿಂದೆಯೇ ಹೊರಟೆ. ಊರ ಹೊರಗೆ ಅರಳಿಕಟ್ಟೆ ಮೇಲೆ ಇಬ್ಬರೂ ಕೂತೆವು. ಅವನು ಅಪ್ಪನ ಮಾತೆತ್ತಿದ.

"ಅವತ್ತು ಸ್ಕೂಲ್ ತಾವ ಬಂದಿದ್ನಲ್ಲ, ಅದು ಸಂಜೆ ಕಣ್ಲಾ. ಚಳಿಗಾಲ. ಬಿರ್ನೆ ಕತ್ಲಾಗೋದು. ನನ್ ಕೈ ಇಡ್ಕೊಂಡು ಮನೆಗ್ ಓಗನ ಅಂತ ಬಂದಿದ್ನೇನೋ."

ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುದಿನ ಅವನು ಗುಂಪಿನಲ್ಲಿ ಬರೆದ: "ಗುಹೆ ಸರಿಯಾಗೇ ಐತೆ. ನನ್ ಕಣ್ಣು ಸರಿ ಇಲ್ಲ. ಓಗ್ತಾ ಅವೆ. ಮಾನಿಟರ್ ಬಗ್ಗೆ ಅಂದಿದ್ದಕ್ಕೆ ಅಂಬರೀಸ ಬೇಜಾರು ಮಾಡ್ಕೋಬಾರ್ದು." ಬೇಜಾರು ಮಾಡಿಕೊಳ್ಳಬಾರದಂತೆ, ನಾನು! ನನ್ನ ಹಳೇ ಮಾತನ್ನು ಅಳಿಸಲು ಹೋದೆ. ಹೊತ್ತು ಮೀರಿತ್ತು, ಅಳಿಸಲಾಗಲಿಲ್ಲ. ಅದು ಇವತ್ತಿಗೂ ಅಲ್ಲೇ ಇದೆ, ಹದಿನೇಳು ನಗುಗಳ ಸಮೇತ.

ಡೇರಿಯಲ್ಲಿ ಅವನಿಗೆ ಬೆಳಗಿನ ಪಾಳಿ ತಪ್ಪಿಸಿದ್ದಾರೆ. ಹಿರಿಯರಿಗೆ ಎಡೆ ಇಡುವ ದಿನ ಈ ಸಲ ಅವನು ಮನೆಯಲ್ಲೇ ಇದ್ದ. ಅಪ್ಪನ ಎಲೆಗೆ ಪೆದ್ದಮ್ಮ ವರ್ಷವೂ ಊರಿನವರ ಕಣ್ಣಿಗೆಂದು ಒಂದು ಲೋಟ ಸಾರಾಯಿ ಇಡುತ್ತಿದ್ದಳಂತೆ. ಮುನಿರಾಜ ಆ ಲೋಟ ಎತ್ತಿ ಹೊರಗೆ ಚೆಲ್ಲಿ, ತೊಳೆದು, ಹಾಲು ತುಂಬಿಸಿ ಇಟ್ಟ. ತಾಯಿ ಮಗ ಈಗ ಮಾತಾಡುತ್ತಾರೆ, ಬೇಕಾದಷ್ಟು ಮಾತ್ರ. ರಾಧಕ್ಕ ತವರಿಗೆ ಬರುವುದು ಕಡಿಮೆಯಾಗಿದೆ. ನವ್ಯಳಿಗೆ ಇನ್ನೂ ಎಲ್ಲೂ ಕೂಡಿಬಂದಿಲ್ಲ. ಅವಳು ಮಾತ್ರ ತಿಂಗಳಿಗೊಮ್ಮೆ ಮಾಮನಿಗೆ ಫೋನು ಮಾಡುತ್ತಾಳೆ.

ಕಳೆದ ತಿಂಗಳು ನಾಲ್ಕನೇ ಭಾಗಕ್ಕೆ ಹೊಸದೊಂದು ಪ್ರದೇಶ ಸೇರಿಸಿದರು. ಐದನೇ ಭಾಗ ಕೊಡಲಾಗದೆ ಸಮಾಧಾನಕ್ಕೆ ಕೊಟ್ಟದ್ದು ಎಂದು ರಾಜ್‌ಕುಮಾರ್ ಬೈದ. ಭಾನುವಾರ ಮುನಿರಾಜ ನನ್ನ ಅಂಗಡಿಗೆ ಬಂದ. ಹಳೇ ಗುಹೆಗಳಾದರೆ ಅವನು ಕಣ್ಣು ಮುಚ್ಚಿಕೊಂಡೂ ನಡೆಸಬಲ್ಲ, ಎಲ್ಲ ಬಾಯಿಪಾಠ. ಇದು ಹೊಸ ನೆಲ. ಅವನ ಒಂದು ಹಾಳೆಯೂ ಇಲ್ಲಿ ಪ್ರಯೋಜನಕ್ಕೆ ಬಾರದು.

ನಾನು ಆಡಿದೆ. ಅವನು ಪಕ್ಕದಲ್ಲಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತ. ಡೇರಿಯ ಹಾಳೆ, ಪೆನ್ನು ಕೈಯಲ್ಲಿ. ಒಂದು ಕಣಿವೆ ದಾಟಿ ಹೊಸ ಗುಹೆಯೊಳಗೆ ಹೊಕ್ಕೆವು. ಅವನ ಪೆನ್ನು ನಿಂತಿತು.

"ಕತ್ಲಾ?" ಎಂದು ಕೇಳಿದ.

ಗುಹೆ ಕತ್ತಲಾಗಿರಲಿಲ್ಲ. ಸಾಲಾಗಿ ಪಂಜು ಉರಿಯುತ್ತಿದ್ದವು. ನನ್ನ ಬಾಯಿಂದ ಮಾತು ತಾನಾಗಿ ಬಂತು: "ಊಂ ಕಣ್ಲಾ. ಈ ಸಲ ನಿಜ್ವಾಗ್ಲೂ ಕತ್ಲು ಮಾಡವ್ರೆ. ನಂಗೂ ಏನೂ ಕಾಣ್ತಿಲ್ಲ."

ಅವನು ಪರದೆಯಿಂದ ಮುಖ ತೆಗೆದು ನನ್ನ ಕಡೆ ತಿರುಗಿದ.

"ನಮ್ಮನೇಲಿ ಸುಳ್ಳೇಳಿದ್ದು ಸಾಕು ಅಂಬರೀಸ," ಎಂದ. "ಎಡಗಡೆ ಯಾರು ನಿಂತವ್ರೆ, ಅದೇಳು."

ನೋಡಿದೆ. ಒಬ್ಬ ಹೆಂಗಸು ನಿಂತಿದ್ದಳು, ಕೈಯಲ್ಲಿ ಲಾಂದ್ರ. ಹೇಳಿದೆ. ಅವನು ಹಾಳೆ ಮೇಲೆ ಎಡಗಡೆ ಒಂದು ಗುರುತು ಹಾಕಿ, "ಸರಿ, ಮುಂದಕ್ಕ್ ನಡಿ," ಎಂದ.